ಮೂವರ ಮೇಳ

ವಾದ್ಯಗಳು ಹೆಚ್ಚಿದಷ್ಟೂ ಸಂಗೀತದ ವೈಭವವು ಹೆಚ್ಚುವುದೆಂದು ನಗರವಾಸಿಗಳಲ್ಲಿ ಹಲವರ ಎಣಿಕೆ. ಹಾಡಿನ ಹಿಂದೆ ಪಿಟೀಲುಗಳ ಸಾಲು, ಅದರ ಹಿಂದೆ ಕಹಳೆಗಳ ಸಾಲು ಇದ್ದರೆ ಅದು ದೊಡ್ಡ ಸಂಗೀತ. ಎರಡು ಮೂರು ಮಂದಿ ಮಾತ್ರ ಕುಳಿತು ನುಡಿಸಿದರೆ ಅದು ಬಡವರ ಸಂಗೀತ. ಈ ಎಣಿಕೆಯು ತಪ್ಪೆಂದು ತೋರಿಸಲು ಎರಡು ನಿದರ್ಶನಗಳನ್ನು ತೆಗೆದುಕೊಳ್ಳಬಹುದು. ಒಂದು ನಮ್ಮ ಉತ್ತರ ಕನ್ನಡದ ಘಟ್ಟದ ಮೇಲಣದು, ಇನ್ನೊಂದು ಸಮುದ್ರದಾಚೆಯ ಅಮೆರಿಕೆಯದು. ಇವೆರಡಕ್ಕೂ ಪರಸ್ಪರ ಪರಿಚಯವಿಲ್ಲ, ನೆಂಟಸ್ತಿಕೆಯಿಲ್ಲ. ಆದರೂ ಒಂದನ್ನು ಅರಿತವನಿಗೆ ಇನ್ನೊಂದು ಸುಲಭವಾಗಿ ತಿಳಿಯುತ್ತದೆ. ಇದಕ್ಕೆ ಕಾರಣವೇನೆಂಬುದನ್ನೂ, ಇಂಥ ಸಂಗೀತವನ್ನು ಯಂತ್ರದಲ್ಲಿ ಮುದ್ರಿಸಿ ಕೇಳುವಾಗ ನಮಗೆ ಲಭಿಸುವುದೇನು, ನಷ್ಟವಾಗುವುದೇನು ಎಂಬುದನ್ನೂ ಈ ಲೇಖನದಲ್ಲಿ ವಿಚಾರಿಸೋಣ.

ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ತಾಲ್ಲೂಕುಗಳೂ ಅಡಕೆ ತೋಟಗಳ ನಾಡು. ಯಕ್ಷಗಾನದ ನಾಡೂ ಹೌದು. ಮಳೆಗಾಲ ಹಿಡಿಯಿತೆಂದರೆ ಬಯಲಾಟದ ಮೇಳಗಳ ತಿರುಗಾಟ ನಿಲ್ಲುತ್ತದೆ. ಆದರೆ ಹಾಡು ನಿಲ್ಲುವುದಿಲ್ಲ. ಮನೆಯ ಜಗುಲಿಯ ಮೇಲೋ ದೇವಸ್ಥಾನದ ಪೌಳಿಯಲ್ಲೋ ತಾಳಮದ್ದಳೆಯ ಕೂಟ ಸೇರುತ್ತದೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಒಂದು ಕಡೆ ಅರ್ಥ ಹೇಳುವವರು ಕುಳಿತಿರುವರು. ಇನ್ನೊಂದು ಕಡೆ ಹಿಮ್ಮೇಳದವರು. ಹಿಮ್ಮೇಳವೆಂದರೆ ಎಷ್ಟು ಜನ? ಹಾಡುವ ಭಾಗವತರು ಒಬ್ಬರು, ಮದ್ದಳೆಯವರು ಒಬ್ಬರು, ಚಂಡೆಯವರು ಒಬ್ಬರು. ಶ್ರುತಿಯನ್ನು ಹಿಡಿಯುವ ಪೆಟ್ಟಿಗೆಯೊಂದನ್ನು ಬಿಟ್ಟರೆ ಬೇರೇನೂ ಇಲ್ಲ. ಈ ಮೂವರಿಂದ ಲಂಕೆಯ ಯುದ್ಧವೂ ಆಗಬೇಕು, ಚಂದ್ರಮತಿಯ ಶೋಕವೂ ಆಗಬೇಕು.

ಇವರ ಕೆಲಸಗಳ ಹಂಚಿಕೆಯನ್ನು ಗಮನಿಸಿರಿ. ಭಾಗವತರ ಕೈಯಲ್ಲಿ ತಾಳವಿರುವುದು, ಬಾಯಲ್ಲಿ ಪದ್ಯವಿರುವುದು. ಭಾಗವತನೇ ಮೊದಲನೆಯ ವೇಷ ಎಂದು ಯಕ್ಷಗಾನದವರು ಹೇಳುವುದುಂಟು. ಕಥೆಯ ಓಟ, ರಾಗದ ಆಯ್ಕೆ, ಯಾವ ಪದ್ಯವನ್ನು ಹಿಗ್ಗಿಸಬೇಕು, ಯಾವುದನ್ನು ಬಿಡಬೇಕು ಎಂಬ ತೀರ್ಮಾನ ಎಲ್ಲವೂ ಅವರದೇ. ಮದ್ದಳೆಯು ಶ್ರುತಿಗೆ ಕೂಡಿದ ವಾದ್ಯ. ಅದರ ಬಲದ ಮುಚ್ಚಿಗೆಯ ನಡುವೆ ಹಾಕಿದ ಕರಣೆಯಿಂದ ನಾದವು ತುಂಬಿ ಬರುತ್ತದೆ. ಅದು ಪದ್ಯದೊಡನೆ ಹೆಜ್ಜೆ ಹೆಜ್ಜೆಗೂ ನಡೆಯುತ್ತದೆ. ಹಾಡಿನ ಅಕ್ಷರ ದೀರ್ಘವಾದಲ್ಲಿ ತಾನು ಸಣ್ಣಗೆ ಮಾತನಾಡುತ್ತದೆ, ಹಾಡು ದಟ್ಟವಾದಲ್ಲಿ ತಾನು ಸರಿದು ನಿಲ್ಲುತ್ತದೆ. ಚಂಡೆಯು ಕೋಲಿನಿಂದ ಬಾರಿಸುವ ವಾದ್ಯ. ಅದರ ದನಿ ಹರಿತ. ವೀರ, ರೌದ್ರಗಳಲ್ಲಿ ಅದಿಲ್ಲದೆ ಆಗದು. ಆದರೆ ಶೃಂಗಾರ ಕರುಣಗಳ ಪದ್ಯದಲ್ಲಿ ಅದು ಬಹುಪಾಲು ಸುಮ್ಮನಿರಬೇಕು. ಒಳ್ಳೆಯ ಚಂಡೆಯವರನ್ನು ಅವರು ಬಾರಿಸುವುದರಿಂದ ಎಷ್ಟು ಗುರುತಿಸಬಹುದೋ, ಬಾರಿಸದೆ ಇರುವುದರಿಂದಲೂ ಅಷ್ಟೇ ಗುರುತಿಸಬಹುದು.

ಈಗ ಅಮೆರಿಕೆಯ ನಿದರ್ಶನ. 1959ನೆಯ ಅಕ್ಟೋಬರಿನಲ್ಲಿ ನ್ಯೂಯಾರ್ಕಿನಲ್ಲಿ ಮೂವರು ವಾದಕರು ಒಂದು ಗಾನದ ತಟ್ಟೆಗಾಗಿ ನುಡಿಸಿದರು. ಗಿಟಾರಿನವರು ವೆಸ್ ಮಾಂಟ್‌ಗೊಮರಿ, ಆರ್ಗನ್ನಿನವರು ಮೆಲ್ವಿನ್ ರೈನ್, ತಾಳವಾದ್ಯದವರು ಪಾಲ್ ಪಾರ್ಕರ್. ರಿವರ್‌ಸೈಡ್ ಎಂಬ ಸಂಸ್ಥೆಯು ಅದನ್ನು ಹೊರತಂದಿತು. ಮಾಂಟ್‌ಗೊಮರಿಯವರು 1923ರಲ್ಲಿ ಇಂಡಿಯಾನಪೊಲಿಸ್ ಎಂಬ ಊರಿನಲ್ಲಿ ಜನಿಸಿದವರು, 1968ರಲ್ಲಿ ತೀರಿಕೊಂಡವರು. ಅವರಿಗೆ ಸ್ವರಲಿಪಿಯನ್ನು ಓದಲು ಬರುತ್ತಿರಲಿಲ್ಲ. ತಂತಿಯನ್ನು ಇತರರಂತೆ ಮಿಡಿಬಿಲ್ಲೆಯಿಂದ ಮೀಟದೆ ಬರಿಯ ಹೆಬ್ಬೆರಳಿನಿಂದ ಮೀಟುತ್ತಿದ್ದರು. ರಾತ್ರಿ ಅಭ್ಯಾಸಮಾಡುವಾಗ ನೆರೆಹೊರೆಯವರಿಗೆ ತೊಂದರೆಯಾಗದಿರಲೆಂದು ಈ ರೂಢಿ ಬಂದಿತೆಂದು ಹೇಳುವುದುಂಟು. ಒಂದೇ ಸ್ವರವನ್ನು ಮಂದ್ರದಲ್ಲಿಯೂ ಮಧ್ಯದಲ್ಲಿಯೂ ಏಕಕಾಲಕ್ಕೆ ನುಡಿಸಿ ರಾಗಪಂಕ್ತಿಯನ್ನು ನಡೆಸುವುದು ಅವರ ವೈಶಿಷ್ಟ್ಯ. ಹಗಲು ಕಾರ್ಖಾನೆಯಲ್ಲಿ ದುಡಿದು ರಾತ್ರಿ ಪಾನಗೃಹಗಳಲ್ಲಿ ನುಡಿಸುತ್ತ ಅವರು ಬಹುಕಾಲ ಕಳೆದರು. ಹಗಲು ತೋಟದಲ್ಲಿದ್ದು ರಾತ್ರಿ ಮದ್ದಳೆಯ ಮುಂದೆ ಕುಳಿತುಕೊಳ್ಳುವ ನಮ್ಮ ಘಟ್ಟದ ಕಲಾವಿದನಿಗೆ ಈ ಜೀವನಕ್ರಮವು ಹೊಸದೆನಿಸದು.

ಈ ಮೂವರಲ್ಲಿಯೂ ಕೆಲಸದ ಹಂಚಿಕೆಯುಂಟು. ಗಿಟಾರು ರಾಗವನ್ನು ನುಡಿಸುತ್ತದೆ. ಭಾಗವತರ ಸ್ಥಾನ ಅದರದು. ಆರ್ಗನ್ನು ತನ್ನ ಮಣೆಗಳಿಂದ ಸ್ವರಗುಚ್ಛಗಳನ್ನು ಹಿಡಿದು, ಜೊತೆಗೆ ಕೆಳಗಿನ ಮಂದ್ರಸ್ವರಗಳ ನಡೆಯನ್ನೂ ನೋಡಿಕೊಳ್ಳುತ್ತದೆ. ಬೇರೆ ಬೇರೆ ಕೂಟಗಳಲ್ಲಿ ಈ ಮಂದ್ರದ ಕೆಲಸಕ್ಕೆ ದೊಡ್ಡ ಪಿಟೀಲಿನಂಥ ಬೇಸ್ ಎಂಬ ವಾದ್ಯವಿರುವುದು. ತಾಳವಾದ್ಯದವನು ಕಾಲವನ್ನು ಕಾಯುತ್ತಾನೆ. ಸಂಗೀತದ ಈ ಬಗೆಗೆ ಜಾಝ್ ಎಂದು ಹೆಸರು. ಆಫ್ರಿಕೆಯಿಂದ ದಾಸ್ಯಕ್ಕೆಂದು ಒಯ್ಯಲ್ಪಟ್ಟವರ ಸಂತತಿಯವರು ಅಮೆರಿಕೆಯಲ್ಲಿ, ವಿಶೇಷವಾಗಿ ನ್ಯೂ ಆರ್ಲಿಯನ್ಸ್ ಪಟ್ಟಣದಲ್ಲಿ, ಬೆಳೆಸಿದ ಸಂಗೀತವಿದು. ಅದೇ ಖಂಡದಿಂದ ಪೂರ್ವದ ಕಡಲ ದಾರಿಯಾಗಿ ಬಂದವರ ಸಂತತಿಯವರಾದ ಸಿದ್ದಿಗಳು ನಮ್ಮ ಯಲ್ಲಾಪುರ, ಹಳಿಯಾಳ, ಅಂಕೋಲೆಗಳ ಕಾಡಿನಂಚಿನಲ್ಲಿ ನೆಲೆಸಿದ್ದಾರೆ. ಡಮಾಮಿ ಎಂಬ ಚರ್ಮವಾದ್ಯದೊಡನೆ ಅವರ ಹಾಡು ಕುಣಿತಗಳು ಇಂದಿಗೂ ಉಂಟು. 2003ರಲ್ಲಿ ಈ ಜಿಲ್ಲೆಯ ಸಿದ್ದಿಗಳು ಪರಿಶಿಷ್ಟ ಪಂಗಡವೆಂದು ಪರಿಗಣಿತರಾದರು. ಒಂದು ಸಂಗೀತವು ತಟ್ಟೆಯ ಮೂಲಕ ಲೋಕವನ್ನೆಲ್ಲ ಸುತ್ತಿತು. ಇನ್ನೊಂದನ್ನು ಪಕ್ಕದ ಪಟ್ಟಣದವರೇ ಬಹುಕಾಲ ಕೇಳಲಿಲ್ಲ. ಮುದ್ರಣಕ್ಕೆ ದೊರೆತ ಸಂಗೀತ ಮತ್ತು ದೊರೆಯದ ಸಂಗೀತಗಳ ಗತಿ ಎಷ್ಟು ಬೇರೆಯಾಗಬಲ್ಲದೆಂಬುದನ್ನು ಇದರಿಂದ ತಿಳಿಯಬಹುದು.

ಇನ್ನು ಈ ಎರಡು ಮೇಳಗಳು ಏನನ್ನು ನುಡಿಸುತ್ತವೆಂಬುದನ್ನು ನೋಡೋಣ. ಜಾಝ್ ವಾದಕರಲ್ಲಿ ‘ಸ್ಟ್ಯಾಂಡರ್ಡ್’ ಎಂದೊಂದು ಮಾತುಂಟು. ಎಲ್ಲ ವಾದಕರಿಗೂ ಬಾಯಿಪಾಠವಾಗಿರುವ ಹಳೆಯ ಹಾಡು ಎಂದರ್ಥ. ಇವುಗಳಲ್ಲಿ ಹಲವು ಮೊದಲಿಗೆ ನಾಟಕದ ಹಾಡುಗಳು, ಚಲನಚಿತ್ರದ ಹಾಡುಗಳು. ಮೇಲೆ ಹೇಳಿದ ತಟ್ಟೆಯಲ್ಲಿರುವ ‘ಯೆಸ್ಟರ್‌ಡೇಸ್’ ಎಂಬುದು ಜೆರೋಮ್ ಕರ್ನ್ ಎಂಬವರು 1933ರ ಒಂದು ಸಂಗೀತನಾಟಕಕ್ಕೆ ಕಟ್ಟಿದುದು. ‘ರೌಂಡ್ ಮಿಡ್‌ನೈಟ್’ ಎಂಬುದು ಥೆಲೋನಿಯಸ್ ಮಂಕ್ ಎಂಬ ಜಾಝ್ ವಾದಕರದೇ ರಚನೆ. ‘ಸ್ಯಾಟಿನ್ ಡಾಲ್’ ಎಂಬುದು ಡ್ಯೂಕ್ ಎಲಿಂಗ್‌ಟನ್ನರ ಮೇಳದಿಂದ ಬಂದುದು. ಇಂಥ ಹಾಡಿಗೆ ಸಾಮಾನ್ಯವಾಗಿ ಮೂವತ್ತೆರಡು ಆವರ್ತಗಳ ಅಳತೆ. ಎಂಟೆಂಟು ಆವರ್ತಗಳ ನಾಲ್ಕು ಭಾಗಗಳು. ಅವುಗಳಲ್ಲಿ ಮೊದಲಿನ ಎರಡೂ ಕೊನೆಯದೂ ಬಹುಮಟ್ಟಿಗೆ ಒಂದೇ, ಮೂರನೆಯದು ಮಾತ್ರ ಬೇರೆ. ವಾದಕರು ಮೊದಲು ಹಾಡನ್ನು ಇದ್ದಂತೆಯೇ ನುಡಿಸುತ್ತಾರೆ. ಬಳಿಕ ಅದರ ಅಳತೆಯನ್ನೂ ಸ್ವರಗುಚ್ಛಗಳ ಕ್ರಮವನ್ನೂ ಹಾಗೆಯೇ ಉಳಿಸಿಕೊಂಡು, ಅದರ ಮೇಲೆ ಆ ಕ್ಷಣದಲ್ಲಿ ತೋಚಿದ ಹೊಸ ರಾಗಪಂಕ್ತಿಗಳನ್ನು ಹೆಣೆಯುತ್ತ ಸುತ್ತು ಸುತ್ತು ಬರುತ್ತಾರೆ. ಕೊನೆಗೆ ಮತ್ತೆ ಮೂಲ ಹಾಡಿಗೆ ಹಿಂದಿರುಗಿ ಮುಗಿಸುತ್ತಾರೆ.

ಯಕ್ಷಗಾನದ ಪ್ರಸಂಗ ಪುಸ್ತಕವನ್ನು ತೆರೆದು ನೋಡಿದವರಿಗೆ ಇದು ಅಪರಿಚಿತವಲ್ಲ. ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳಾಗಲಿ, ದೇವಿದಾಸನ ಪ್ರಸಂಗಗಳಾಗಲಿ, ಪ್ರತಿ ಪದ್ಯದ ನೆತ್ತಿಯ ಮೇಲೆ ಒಂದು ರಾಗದ ಹೆಸರು, ಒಂದು ತಾಳದ ಹೆಸರು ಇರುವುವು. ಏಕ, ಝಂಪೆ, ರೂಪಕ, ತ್ರಿವುಡೆ, ಅಷ್ಟ ಮೊದಲಾದವು ಅಲ್ಲಿಯ ತಾಳಗಳು. ಪದ್ಯದ ನಡೆಗೆ ಮಟ್ಟು ಎಂದು ಹೆಸರು. ಪುಸ್ತಕದಲ್ಲಿರುವುದು ಇಷ್ಟೇ, ಸ್ವರಲಿಪಿ ಇಲ್ಲ. ಆ ಪದ್ಯವು ರಂಗದ ಮೇಲೆ ಎಷ್ಟು ಹೊತ್ತು ನಿಲ್ಲಬೇಕು, ಯಾವ ಸಾಲನ್ನು ಎಷ್ಟು ಸಲ ಹೇಳಬೇಕು, ಆಲಾಪನೆ ಎಲ್ಲಿ ಬೇಕು ಎಂಬುದು ಆ ರಾತ್ರಿಯ ಪಾತ್ರಧಾರಿಯನ್ನೂ ಆ ರಾತ್ರಿಯ ಸಭೆಯನ್ನೂ ನೋಡಿ ನಿರ್ಧಾರವಾಗತಕ್ಕದ್ದು. ಪದ್ಯದ ಸಾಲುಗಳ ನಡುವೆ ಬಿಡ್ತಿಗೆಗಳು ಬರುವುವು; ಪದ್ಯದ ಕೊನೆಗೆ ಮುಕ್ತಾಯ ಬರುವುದು. ಎಲ್ಲಿ ಎಷ್ಟು ಸ್ವತಂತ್ರವಾಗಿ ಸುತ್ತಾಡಿದರೂ ಮುಕ್ತಾಯದಲ್ಲಿ ಮೂವರೂ ಒಂದೇ ಪೆಟ್ಟಿಗೆ ಬಂದು ನಿಲ್ಲಬೇಕು. ಅತ್ತ ಜಾಝಿನಲ್ಲಿಯೂ ಗಿಟಾರಿನವನೂ ತಾಳದವನೂ ನಾಲ್ಕು ನಾಲ್ಕು ಆವರ್ತಗಳನ್ನು ಹಂಚಿಕೊಂಡು ಪ್ರಶ್ನೋತ್ತರ ನಡೆಸಿ, ಬಳಿಕ ತಪ್ಪದೆ ಮೂಲ ಹಾಡಿನ ಮೊದಲ ಪೆಟ್ಟಿಗೆ ಬಂದು ಸೇರುವುದು ವಾಡಿಕೆ.

ಸಾಮ್ಯವನ್ನು ಅತಿಯಾಗಿ ಎಳೆಯಬಾರದು. ಜಾಝಿನ ಜೀವಾಳ ಸ್ವರಗುಚ್ಛಗಳ ಸಂಚಾರ. ಒಂದೊಂದು ಆವರ್ತಕ್ಕೂ ಆಧಾರಸ್ವರವೇ ಸರಿಯುತ್ತಿರುವುದು. ನಮ್ಮಲ್ಲಿ ಷಡ್ಜವು ಪದ್ಯದುದ್ದಕ್ಕೂ ಅಚಲ. ಅಲ್ಲಿ ಮಾತಿಲ್ಲದೆ ಸಂಗೀತವು ತಾನೇ ತಾನಾಗಿ ನಿಲ್ಲಬಲ್ಲದು. ಇಲ್ಲಿ ಸಂಗೀತವು ಕಥೆಗೆ ಕಟ್ಟುಬಿದ್ದದ್ದು. ರಾಗ ಎಷ್ಟು ಸೊಗಸಾದರೂ ಸಾಹಿತ್ಯದ ಅಕ್ಷರ ನುಂಗಿಹೋದರೆ ಭಾಗವತರನ್ನು ಸಭೆ ಮನ್ನಿಸುವುದಿಲ್ಲ. ಇಷ್ಟು ಭೇದವಿದ್ದರೂ ಮೂಲತತ್ತ್ವ ಒಂದೇ: ಹಾಡು ಎಲ್ಲರಿಗೂ ಗೊತ್ತಿರಬೇಕು, ಆದರೆ ಇಂದು ಅದು ಏನಾಗುವುದೆಂಬುದು ಯಾರಿಗೂ ಗೊತ್ತಿರಬಾರದು. ಕೇಳುವವನಿಗೆ ಮೂಲ ತಿಳಿದಿದ್ದರೆ ಮಾತ್ರ ವ್ಯತ್ಯಾಸದ ರುಚಿ ಹತ್ತುವುದು. ಮೂಲವನ್ನೇ ಅರಿಯದವನಿಗೆ ಎಲ್ಲವೂ ಹೊಸದು. ಆದುದರಿಂದ ಯಾವುದೂ ಹೊಸದಲ್ಲ.

ಹಳೆಯದರ ಜೊತೆಗೆ ಹೊಸ ರಚನೆಯ ಪ್ರಶ್ನೆಯೂ ಇದೆ. ಮಾಂಟ್‌ಗೊಮರಿಯವರ ತಟ್ಟೆಯಲ್ಲಿ ಪರರ ಹಾಡುಗಳ ನಡುವೆ ಅವರದೇ ಎರಡು ರಚನೆಗಳಿವೆ. ಒಂದರ ಹೆಸರು ‘ಮಿಸೈಲ್ ಬ್ಲೂಸ್’. ತಾವು ರಾತ್ರಿ ನುಡಿಸುತ್ತಿದ್ದ ಪಾನಗೃಹದ ಹೆಸರನ್ನೇ ಅದಕ್ಕೆ ಇಟ್ಟರು. ಬ್ಲೂಸ್ ಎಂಬುದು ಸಾಮಾನ್ಯವಾಗಿ ಹನ್ನೆರಡು ಆವರ್ತಗಳ ಒಂದು ಹಳೆಯ ಅಚ್ಚು, ನಮ್ಮ ಷಟ್ಪದಿಯಂತೆ. ಹೊಸ ರಚನೆಯೂ ಹಳೆಯ ಅಚ್ಚಿನಲ್ಲಿ ಎರಕಗೊಂಡುದರಿಂದಲೇ ಜೊತೆಯ ಇಬ್ಬರು ಅದನ್ನು ಕೂಡಲೆ ಹಿಡಿದುಕೊಳ್ಳಬಲ್ಲವರಾದರು. ನಮ್ಮಲ್ಲಿಯೂ ಹೀಗೆಯೇ. ಶಿರಸಿ ಸೀಮೆಯ ಹನುಮಂತಿಯಲ್ಲಿ 1940ರಲ್ಲಿ ಜನಿಸಿ 2020ರಲ್ಲಿ ತೀರಿಕೊಂಡ ಹೊಸ್ತೋಟ ಮಂಜುನಾಥ ಭಾಗವತರು ನೂರಕ್ಕೂ ಮಿಕ್ಕ ಪ್ರಸಂಗಗಳನ್ನು ಬರೆದರು. ಅವರ ‘ರಾಮನಿರ್ಯಾಣ’ವನ್ನು ಮೇಳಗಳು ಹಳೆಯ ಪ್ರಸಂಗವೋ ಎಂಬಂತೆ ಆಡುತ್ತ ಬಂದಿವೆ. ಕಣ್ಣಿಲ್ಲದವರಿಗೂ ಅವರು ಯಕ್ಷಗಾನವನ್ನು ಕಲಿಸಿ ರಂಗಕ್ಕೆ ತಂದರು. ಅವರ ಹೊಸತನವು ಮಟ್ಟುಗಳನ್ನೂ ಛಂದಸ್ಸನ್ನೂ ಮುರಿಯಲಿಲ್ಲ; ಅವುಗಳೊಳಗೆ ಹೊಸ ಕಥಾಸಂದರ್ಭವನ್ನು ತುಂಬಿತು. ಆದುದರಿಂದ ಮದ್ದಳೆಯವರು ಅಂಥ ಪ್ರಸಂಗದ ಮೊದಲ ರಾತ್ರಿಯೇ ಕಣ್ಣುಮುಚ್ಚಿ ನುಡಿಸಬಹುದು.

ಇನ್ನೊಂದು ಮಾರ್ಗ ಗುಂಡ್ಮಿ ಕಾಳಿಂಗ ನಾವಡರದು. 1958ರಲ್ಲಿ ಹುಟ್ಟಿ 1990ರಲ್ಲಿ ಅಪಘಾತದಿಂದ ಅಕಾಲ ಮರಣ ಹೊಂದಿದ ಈ ಭಾಗವತರು ಯಕ್ಷಗಾನದಲ್ಲಿ ರೂಢಿಯಲ್ಲಿಲ್ಲದ ರಾಗಗಳನ್ನು ತಂದರು, ‘ನಾಗಶ್ರೀ’ಯಂಥ ಕಲ್ಪಿತ ಕಥೆಯ ಪ್ರಸಂಗವನ್ನೂ ರಚಿಸಿದರು. ಹಿರಿಯರು ಕೆಲವರು ಹುಬ್ಬು ಗಂಟಿಕ್ಕಿದರು. ಜನರು ರಾತ್ರಿಯಿಡೀ ಕುಳಿತು ಕೇಳಿದರು. ಇದಕ್ಕೂ ಮೊದಲೇ ಶಿವರಾಮ ಕಾರಂತರು ತಮ್ಮ ಯಕ್ಷಗಾನದ ಪ್ರಯೋಗಗಳಲ್ಲಿ ಪಿಟೀಲನ್ನೂ, ಜಾಝಿನವರಿಗೆ ಅತಿಪ್ರಿಯವಾದ ಸ್ಯಾಕ್ಸೊಫೋನನ್ನೂ ಹಿಮ್ಮೇಳಕ್ಕೆ ಸೇರಿಸಿ ನೋಡಿದ್ದರು. ಅದೇ ಸ್ಯಾಕ್ಸೊಫೋನಿನಲ್ಲಿ ಕರ್ನಾಟಕ ಸಂಗೀತವನ್ನು ಸಾಧಿಸಿದ ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರು 1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಜಾನ್ ಹ್ಯಾಂಡಿ ಎಂಬ ಅಮೆರಿಕದ ವಾದಕರೊಡನೆ ನುಡಿಸಿ ಹೆಸರಾದರು. ಮಡಿವಂತಿಕೆಯ ಗೋಡೆ ಎಷ್ಟು ಎತ್ತರವಾಗಿದ್ದರೂ ಸಂಗೀತಕ್ಕೆ ಕಿಟಕಿಗಳಿರುತ್ತವೆ.

ಈಗ ಮುದ್ರಣದ ವಿಚಾರ. ಹಳೆಯ ಕಾಲದ ಅರಗಿನ ತಟ್ಟೆಯ ಒಂದು ಮುಖದಲ್ಲಿ ಮೂರು ನಿಮಿಷಗಳಿಗಿಂತ ಹೆಚ್ಚು ಹಿಡಿಯುವುದು ಕಷ್ಟವಾಗಿತ್ತು. 1948ರಲ್ಲಿ ಅಮೆರಿಕೆಯ ಕೊಲಂಬಿಯ ಸಂಸ್ಥೆಯು ನಿಧಾನವಾಗಿ ತಿರುಗುವ ದೀರ್ಘಕಾಲದ ತಟ್ಟೆಯನ್ನು ಹೊರತಂದ ಮೇಲೆ ಒಂದು ಮುಖಕ್ಕೆ ಇಪ್ಪತ್ತು ನಿಮಿಷಗಳಿಗೂ ಮಿಕ್ಕ ಸಂಗೀತ ದೊರೆಯಿತು. ಮಾಂಟ್‌ಗೊಮರಿಯವರ ‘ರೌಂಡ್ ಮಿಡ್‌ನೈಟ್’ ಸುಮಾರು ಐದು ನಿಮಿಷ ನಡೆಯಲು ಅವಕಾಶವಾದದ್ದು ಇದರಿಂದ. ಯಕ್ಷಗಾನದ ರಾತ್ರಿಯಾದರೋ ಯಾವ ತಟ್ಟೆಗೂ ಹಿಡಿಸತಕ್ಕದ್ದಲ್ಲ. ಕ್ಯಾಸೆಟ್ಟುಗಳು ಬಂದ ಮೇಲೆಯೇ ಪದ್ಯಗಳೂ ಕೂಟಗಳೂ ಮನೆಮನೆಗೆ ತಲಪಿದವು. ಈಗ ಕೈಯಲ್ಲಿ ಹಿಡಿಯುವ ಮೊಬೈಲಿನಲ್ಲೇ ಆಟವನ್ನೆಲ್ಲ ಮುದ್ರಿಸಿಕೊಳ್ಳಬಹುದಾಗಿದೆ.

ಇದರಿಂದಾದ ಲಾಭವನ್ನು ಅಲ್ಲಗಳೆಯಲಾಗದು. ಇಡಗುಂಜಿ ಮೇಳದಲ್ಲಿ ದಶಕಗಳ ಕಾಲ ಹಾಡಿದ ಶಿರಸಿ ಸೀಮೆಯ ನೆಬ್ಬೂರು ನಾರಾಯಣ ಭಾಗವತರು 2019ರಲ್ಲಿ ತೀರಿಕೊಂಡರು. ಆಡಂಬರವಿಲ್ಲದೆ ಮಾತಿಗೆ ಒತ್ತುಕೊಟ್ಟು ಹಾಡುತ್ತಿದ್ದ ಆ ಕ್ರಮವನ್ನು ಮುಂದಿನವರು ತಿಳಿಯಬೇಕಾದರೆ ಮುದ್ರಿತ ಧ್ವನಿಯೇ ಗತಿ. ಸಿದ್ದಾಪುರದ ಕೊಳಗಿ ಕೇಶವ ಹೆಗಡೆಯವರ ಭಾಗವತಿಕೆಯನ್ನೂ, ಯಲ್ಲಾಪುರದ ಶಂಕರ ಭಾಗವತರ ಮದ್ದಳೆಯನ್ನೂ ಬೆಂಗಳೂರಿನ ಮನೆಯಲ್ಲಿ ಕುಳಿತು ಕೇಳುವಂತಾದದ್ದೂ ಸಣ್ಣ ಉಪಕಾರವಲ್ಲ.

ಅಪಾಯವೂ ಅಲ್ಲಿಯೇ ಇದೆ. ಒಂದು ರಾತ್ರಿ, ಒಬ್ಬ ಪಾತ್ರಧಾರಿಯ ಎದುರು, ಒಂದು ಸಭೆಗಾಗಿ ಹುಟ್ಟಿದ ಸಂಚಾರವು ಮುದ್ರಿತವಾದೊಡನೆ ಅದೇ ಆ ಪದ್ಯದ ಶಾಶ್ವತ ರೂಪವೆಂದು ಜನ ತಿಳಿಯುತ್ತಾರೆ. ನಾವಡರು ತೀರಿಕೊಂಡ ಬಳಿಕ ಅವರ ಕ್ಯಾಸೆಟ್ಟುಗಳನ್ನು ಕೇಳಿ ಅವರ ಧ್ವನಿಯನ್ನೂ ಏರಿಳಿತವನ್ನೂ ಹಾಗೆಯೇ ಅನುಕರಿಸಿದವರು ಹಲವರು. ಮೆಚ್ಚಿನ ಮುದ್ರಿಕೆಯಂತೆಯೇ ಹಾಡಲಿಲ್ಲವೆಂದು ಸಭೆಯವರು ಭಾಗವತರ ಮೇಲೆ ಮುನಿಯುವುದೂ ಉಂಟು. ಯಾವ ಕಲೆಯ ಪ್ರಾಣವು ಕ್ಷಣದಲ್ಲಿತ್ತೋ ಅದನ್ನು ನಿನ್ನೆಯ ಕ್ಷಣಕ್ಕೆ ಕಟ್ಟಿಹಾಕಿದಂತಾಯಿತು. ಇದು ಹೀಗೆಯೇ ಮುಂದುವರಿದರೆ ಪ್ರಸಂಗ ಪುಸ್ತಕದಲ್ಲಿ ಸ್ವರಲಿಪಿ ಇಲ್ಲದುದರಿಂದ ದೊರೆತಿದ್ದ ಸ್ವಾತಂತ್ರ್ಯವನ್ನು ಯಂತ್ರದ ಲಿಪಿಯು ಕಸಿದುಕೊಳ್ಳುವುದು.

ಆದರೆ ಇದಕ್ಕೆ ಪರಿಹಾರವಿಲ್ಲದಿಲ್ಲ. ಮಾಂಟ್‌ಗೊಮರಿಯವರ ಜೀವನವೇ ಅದನ್ನು ತೋರಿಸುತ್ತದೆ. ಅವರಿಗೆ ಗುರುವಾದದ್ದು ತಟ್ಟೆಯೇ. ಬೆನ್ನಿ ಗುಡ್‌ಮನ್ನರ ಮೇಳದಲ್ಲಿ ನುಡಿಸಿ, ಇಪ್ಪತ್ತೈದರ ಹರೆಯದಲ್ಲಿ, 1942ರಲ್ಲಿ, ತೀರಿಕೊಂಡ ಚಾರ್ಲಿ ಕ್ರಿಶ್ಚಿಯನ್ ಎಂಬ ಗಿಟಾರುವಾದಕರ ತಟ್ಟೆಗಳನ್ನು ಕೇಳಿ ಕೇಳಿ, ಅವರ ಸಂಚಾರಗಳನ್ನು ಸ್ವರ ತಪ್ಪದೆ ಬೆರಳಿಗೆ ಇಳಿಸಿಕೊಂಡರು. ಮೊದಲು ಅವರಿಗೆ ನುಡಿಸುವ ಕೆಲಸ ಸಿಕ್ಕಿದ್ದೇ ಕ್ರಿಶ್ಚಿಯನ್ನರ ಆ ಸಂಚಾರಗಳನ್ನು ಯಥಾವತ್ತಾಗಿ ನುಡಿಸಬಲ್ಲವರೆಂದು. ಅಲ್ಲಿಯೇ ನಿಂತಿದ್ದರೆ ಇಂದು ಅವರ ಹೆಸರನ್ನು ನಾವು ಎತ್ತುತ್ತಿರಲಿಲ್ಲ. ಅನುಕರಣವು ಅವರಿಗೆ ಹೊಸ್ತಿಲಾಯಿತು, ಮನೆಯಾಗಲಿಲ್ಲ. ಹದಿನೈದು ವರ್ಷಗಳಿಗೂ ಮಿಕ್ಕ ಕಾಲ ಜೊತೆಗಾರರೊಡನೆ ಕುಳಿತು ನುಡಿಸಿದ ಮೇಲೆ ಹೆಬ್ಬೆರಳಿನ ಆ ನಾದವು ಅವರದೇ ಆಯಿತು. ಜೊತೆಗಾರರ ಸಂಗವೇ ಇಲ್ಲಿ ಮುಖ್ಯ. ತಟ್ಟೆಯು ಹಾಡನ್ನು ಕಲಿಸೀತು. ಎದುರಿಗಿರುವವನು ಈಗ ಏನು ಮಾಡಲಿರುವನೆಂಬುದನ್ನು ಕಿವಿಯಿಂದ ಊಹಿಸುವ ವಿದ್ಯೆಯನ್ನು ಅದು ಕಲಿಸಲಾರದು. ಮುದ್ರಿಕೆಯಲ್ಲಿನ ಮದ್ದಳೆಯವರು ನಿಮ್ಮನ್ನು ನೋಡಿ ಕೈ ತಡೆಯಲಾರರು.

ಕೇಳುವವರಾದ ನಮಗೂ ಇಲ್ಲಿ ಕರ್ತವ್ಯವುಂಟು. ಮೊದಲನೆಯದಾಗಿ, ಒಂದೇ ಪದ್ಯವನ್ನು ಇಬ್ಬರು ಮೂವರು ಭಾಗವತರ ಬಾಯಿಂದ ಕೇಳಬೇಕು. ಒಬ್ಬರದೇ ಎರಡು ರಾತ್ರಿಗಳ ಮುದ್ರಿಕೆ ದೊರೆತರೆ ಇನ್ನೂ ಒಳ್ಳೆಯದು. ಆಗ ಪದ್ಯದಲ್ಲಿ ಸ್ಥಿರವಾದುದಾವುದು, ಆ ರಾತ್ರಿಯದಾವುದು ಎಂಬುದು ತಾನಾಗಿ ಬೇರ್ಪಡುವುದು. ಎರಡನೆಯದಾಗಿ, ಹಾಡುವವರನ್ನು ಬಿಟ್ಟು ಒಮ್ಮೆ ಮದ್ದಳೆಯನ್ನು ಮಾತ್ರ ಹಿಂಬಾಲಿಸಬೇಕು, ಇನ್ನೊಮ್ಮೆ ಚಂಡೆಯನ್ನು ಮಾತ್ರ. ಜಾಝ್ ತಟ್ಟೆಯಲ್ಲಾದರೆ ಗಿಟಾರನ್ನು ಬಿಟ್ಟು ಕೆಳಗಿನ ಮಂದ್ರಸ್ವರಗಳ ನಡಿಗೆಗೆ ಕಿವಿಗೊಡಬೇಕು. ಮೂಲ ಹಾಡನ್ನು ಮನಸ್ಸಿನಲ್ಲಿಯೇ ಹಾಡಿಕೊಳ್ಳುತ್ತಿದ್ದರೆ ವಾದಕರು ಎಲ್ಲಿರುವರೆಂಬುದು ತಪ್ಪಿಹೋಗದು. ಮೂರನೆಯದಾಗಿ, ಮನೆಯಲ್ಲಿ ಕೇಳಿದ ಕಿವಿಯನ್ನು ಹೊತ್ತುಕೊಂಡು ಕೂಟಕ್ಕೆ ಹೋಗಬೇಕು. ಆಷಾಢದ ಮಳೆಯಲ್ಲಿ ಘಟ್ಟದ ಮೇಲಿನ ಹಳ್ಳಿಗಳಿಗೆ ಹೋಗಲು ಎಲ್ಲರಿಗೂ ಸಾಧ್ಯವಿಲ್ಲ. ಆದರೆ ತಾಳಮದ್ದಳೆಗಳು ಈಗ ನಗರಗಳಲ್ಲಿಯೂ ನಡೆಯುತ್ತಿವೆ. ಅಲ್ಲಿ ಭಾಗವತರು ನೀವು ಬಲ್ಲ ಪದ್ಯವನ್ನು ನೀವು ಬಲ್ಲಂತೆ ಹಾಡದಿದ್ದರೆ ಅಸಮಾಧಾನಪಡಬೇಡಿರಿ. ಮುಕ್ತಾಯದವರೆಗೆ ತಾಳಿರಿ, ಮೂವರೂ ಕೂಡಿ ಬಂದು ನಿಂತರೇ ಎಂದು ನೋಡಿರಿ. ನಿಂತರೆ, ಆ ರಾತ್ರಿ ಆ ಪದ್ಯಕ್ಕೆ ಅದೇ ಸರಿಯಾದ ದಾರಿಯೆಂದು ತಿಳಿಯಬೇಕು.